80ಡಿಡಿಯೋ, ಹೊಸ ಪದ್ಧತಿಯೋ, ಮಗುವಿನ ಹೆಸರಿನ ಎಫ್‌ಡಿಯೋ? ವಿಶೇಷ ಮಕ್ಕಳ ಮನೆಯ ತೆರಿಗೆ ಲೆಕ್ಕ

ರಿಟರ್ನ್ ತುಂಬುವ ಕಾಲ ಬಂತೆಂದರೆ ವಿಶೇಷ ಮಕ್ಕಳ ಅಪ್ಪ-ಅಮ್ಮಂದಿರ ಪ್ರಶ್ನೆಗಳು ಶುರುವಾಗುತ್ತವೆ. "ಮಗನಿಗೆ ಆಟಿಸಂ. 80ಡಿಡಿ ಸಿಗುತ್ತೆ ಅಂತಾರೆ, ಆದರೆ ಆಫೀಸಿನವರು ಹೊಸ ಪದ್ಧತಿಗೆ ಹಾಕಿದ್ದಾರೆ. ಬದಲಾಯಿಸಲಾ, ಬಿಡಲಾ?" "ಮಗಳ ಹೆಸರಿನಲ್ಲಿ ಠೇವಣಿ ಇಟ್ಟರೂ ಬಡ್ಡಿ ನಮ್ಮ ಆದಾಯಕ್ಕೇ ಸೇರುತ್ತಂತೆ, ನಿಜವಾ?" "ಡಿಸ್ಲೆಕ್ಸಿಯಾ ಸರ್ಟಿಫಿಕೇಟ್ ಇದೆ, ಅದಕ್ಕೇನಾದರೂ ಉಂಟಾ?" ಒಬ್ಬರಿಗೆ ಸರಿಹೋದ ಉತ್ತರ ಇನ್ನೊಬ್ಬರ ಮನೆಗೆ ಹೊಂದುವುದಿಲ್ಲ. ಅದಕ್ಕೇ ಯಾವುದು ಯಾರಿಗೆ ಎಂದು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. 80ಡಿಡಿ ಎಂದರೆ ನ್ಯೂನತೆ ಇರುವ ಅವಲಂಬಿತರನ್ನು ನೋಡಿಕೊಳ್ಳುವವರಿಗೆ ಸಿಗುವ ಆದಾಯ ತೆರಿಗೆ ವಿನಾಯಿತಿ. ಹಳೆಯ ಪದ್ಧತಿಯಲ್ಲಿ ಇಂಥ ವಿನಾಯಿತಿಗಳು ಸಿಗುತ್ತವೆ; ಹೊಸ ಪದ್ಧತಿಯಲ್ಲಿ ದರ ಕಡಿಮೆ, ಆದರೆ ಇವು ಸಿಗುವುದಿಲ್ಲ.

ಇಲ್ಲಿನ ಲೆಕ್ಕವೆಲ್ಲ 2025-26ರ ಹಣಕಾಸು ವರ್ಷದ್ದು, ಅಂದರೆ 2026ರ ಮಾರ್ಚ್ 31ಕ್ಕೆ ಮುಗಿಯುವ ವರ್ಷದ ಆದಾಯಕ್ಕೆ. ಅದಕ್ಕೆ 1961ರ ಆದಾಯ ತೆರಿಗೆ ಕಾಯ್ದೆಯೇ ಅನ್ವಯ. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಜಾರಿ. ಸೆಕ್ಷನ್‌ಗಳ ಸಂಖ್ಯೆ ಬದಲಾಗುತ್ತದೆ. ಜನರ ಬಾಯಲ್ಲಿರುವುದು ಹಳೆಯ ಸಂಖ್ಯೆಗಳೇ, ನಾನೂ ಅವನ್ನೇ ಬಳಸುತ್ತೇನೆ.

ಆಯ್ಕೆಗೆ ಮೊದಲು ಕೇಳಿಕೊಳ್ಳಬೇಕಾದ್ದು

ಬಹಳ ಮಂದಿ "ಎಷ್ಟು ಉಳಿಯುತ್ತೆ?" ಎಂಬಲ್ಲಿಂದ ಶುರು ಮಾಡುತ್ತಾರೆ. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ಕೈಯಲ್ಲಿರುವ ಸರ್ಟಿಫಿಕೇಟಿನಲ್ಲಿ ಏನು ಬರೆದಿದೆ, ಎಷ್ಟು ಶೇಕಡಾ, ಎಲ್ಲಿಯವರೆಗೆ ಚಾಲ್ತಿ ಎಂದು ನೋಡಿ. ಆಮೇಲೆ ಮನೆಯಲ್ಲಿ ತೆರಿಗೆ ಕಟ್ಟುವವರು ಯಾರು, ಅವರ ಆದಾಯ ಎಷ್ಟು, 80ಡಿಡಿ ಬಿಟ್ಟು ಬೇರೆ ವಿನಾಯಿತಿಗಳು ಎಷ್ಟಿವೆ ಎಂದು ಲೆಕ್ಕ ಹಾಕಿ. ಮೂರನೆಯದು, ಉಳಿಸುವ ಹಣ ಯಾರ ಹೆಸರಿನಲ್ಲಿ ಕೂರಬೇಕು ಎಂಬುದು. ನಾಲ್ಕನೆಯದನ್ನು ಯಾರೂ ಮುಂದಿಡುವುದಿಲ್ಲ: ಮಗುವಿಗೆ 18 ತುಂಬಿದ ಮೇಲೆ ಆ ಹಣಕ್ಕೆ ಸಹಿ ಹಾಕುವವರು ಯಾರು? ಈ ಕೊನೆಯ ಪ್ರಶ್ನೆಗೆ ಉತ್ತರವಿಲ್ಲದೆ ಮಾಡಿದ ಉಳಿತಾಯ ಮುಂದೆ ಬ್ಯಾಂಕಿನ ಕೌಂಟರಿನಲ್ಲಿ ಸಿಕ್ಕಿಬೀಳುತ್ತದೆ.

ಸರ್ಟಿಫಿಕೇಟನ್ನು ಹತ್ತಿರದಿಂದ ನೋಡಿ

80ಡಿಡಿ ಮತ್ತು 80ಯು (ನ್ಯೂನತೆ ಇರುವವರೇ ತಮ್ಮ ಆದಾಯದಲ್ಲಿ ಪಡೆಯುವ ವಿನಾಯಿತಿ) ಎರಡಕ್ಕೂ ಕನಿಷ್ಠ 40% ನ್ಯೂನತೆ ಇರಬೇಕು. 40%ರಿಂದ 80%ಕ್ಕಿಂತ ಕೆಳಗಿದ್ದರೆ ₹75,000, 80% ಮತ್ತು ಮೇಲಿದ್ದರೆ ₹1,25,000 ಆದಾಯದಿಂದ ಕಳೆಯಬಹುದು. ಈ ಅಂಕಿಗಳು 2015-16ರಿಂದ ಒಂದು ರೂಪಾಯಿಯೂ ಏರಿಲ್ಲ. ಸ್ಪೀಚ್ ಥೆರಪಿಯ ಒಂದು ಸೆಷನ್ನಿಗೆ ಆಗ ಎಷ್ಟಿತ್ತು, ಈಗ ಎಷ್ಟಾಗಿದೆ ಎಂದು ನಿಮಗೇ ಗೊತ್ತು.

ಬೌದ್ಧಿಕ ನ್ಯೂನತೆಯಲ್ಲಿ ಶೇಕಡಾವಾರು ಡಾಕ್ಟರ ಅಂದಾಜಲ್ಲ, ಅದು ನಿಗದಿತ. 2018ರ ಕೇಂದ್ರ ಮಾರ್ಗಸೂಚಿಯ ಪ್ರಕಾರ ಸೌಮ್ಯ ಮಟ್ಟಕ್ಕೆ 50%, ಮಧ್ಯಮಕ್ಕೆ 75%, ತೀವ್ರಕ್ಕೆ 90%, ಅತಿ ತೀವ್ರಕ್ಕೆ 100%. ಗಮನಿಸಿ, 'ಮಧ್ಯಮ' ಎಂದು ಬರೆಸಿಕೊಂಡ ಮಗು 75%ಕ್ಕೆ ನಿಲ್ಲುತ್ತದೆ. 80ರ ಗೆರೆಗೆ ಐದು ಕಡಿಮೆ. ಒಬ್ಬನೇ ಬಸ್ ಹತ್ತಲಾರದ, ಹಣ ಎಣಿಸಲಾರದ ಹುಡುಗನ ಮನೆಗೂ ಹೀಗೆ ₹75,000 ಮಾತ್ರ ಸಿಗುತ್ತದೆ. ಇದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ, ಆದರೆ ಸದ್ಯದ ಲೆಕ್ಕ ಇದೇ. ಅಂಚಿನಲ್ಲಿರುವ ಮಕ್ಕಳಿಗೆ, ಇಲ್ಲವೇ ಬೌದ್ಧಿಕ ನ್ಯೂನತೆಯ ಜೊತೆ ಸೆರೆಬ್ರಲ್ ಪಾಲ್ಸಿಯಂಥ ಇನ್ನೊಂದು ಇದ್ದವರಿಗೆ, ಎರಡನ್ನೂ ಸೇರಿಸಿ ಬಹುವಿಧ ನ್ಯೂನತೆ ಎಂದು ಮೌಲ್ಯಮಾಪನ ಆಗಿದೆಯೇ ಎಂದು ಕೇಳುವುದು ಒಳ್ಳೆಯದು. ಒಂದನ್ನು ಮಾತ್ರ ಬರೆದು ಇನ್ನೊಂದನ್ನು ಬಿಟ್ಟ ಕಾಗದಗಳು ಸಾಕಷ್ಟು ಕಾಣಸಿಗುತ್ತವೆ.

ಕಾಗದದ ವಿಷಯದಲ್ಲೂ ಎರಡು ದಾರಿ ಇವೆ. ಆಟಿಸಂ, ಸೆರೆಬ್ರಲ್ ಪಾಲ್ಸಿ ಮತ್ತು ಬಹುವಿಧ ನ್ಯೂನತೆಗೆ ಫಾರಂ 10-ಐಎ ಬೇಕು. ಅದಕ್ಕೆ ಸಹಿ ಹಾಕಬೇಕಾದವರು ನರರೋಗದಲ್ಲಿ ಎಂಡಿ ಮಾಡಿದ ವೈದ್ಯರು, ಮಕ್ಕಳಾದರೆ ಅದಕ್ಕೆ ಸಮನಾದ ಪದವಿಯಿರುವ ಮಕ್ಕಳ ನರರೋಗ ತಜ್ಞರು, ಇಲ್ಲವೇ ಸರ್ಕಾರಿ ಆಸ್ಪತ್ರೆಯ ಸಿವಿಲ್ ಸರ್ಜನ್ ಅಥವಾ ಮುಖ್ಯ ವೈದ್ಯಾಧಿಕಾರಿ. ಬರೀ ಬೌದ್ಧಿಕ ನ್ಯೂನತೆಗೆ (ಡೌನ್ ಸಿಂಡ್ರೋಮ್ ಮಕ್ಕಳಿಗೂ ಹೆಚ್ಚಾಗಿ ಇದೇ ಹೆಸರಿನಲ್ಲಿ ಸಿಗುತ್ತದೆ) ವೈದ್ಯಕೀಯ ಮಂಡಳಿ ಕೊಡುವ ಮಾಮೂಲಿ ಸರ್ಟಿಫಿಕೇಟ್ ಸಾಕು.

ರಿಟರ್ನ್ ತುಂಬುವಾಗ ಈ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. 2024-25ರ ಮೌಲ್ಯಮಾಪನ ವರ್ಷದಿಂದ (ಅಂದರೆ 2023-24ರ ಆದಾಯದಿಂದ) ಐಟಿಆರ್‌ನಲ್ಲಿ 80ಡಿಡಿಗೆ ಪ್ರತ್ಯೇಕ ಶೆಡ್ಯೂಲ್ ಬಂದಿದೆ. ನ್ಯೂನತೆಯ ಬಗೆ ಯಾವುದು, ಅವಲಂಬಿತರು ಯಾರು, ಅವರ ಪ್ಯಾನ್ ಮತ್ತು ಆಧಾರ್, 10-ಐಎ ಸಲ್ಲಿಸಿದ ದಿನಾಂಕ ಮತ್ತು ಸ್ವೀಕೃತಿ ಸಂಖ್ಯೆ, ಯುಡಿಐಡಿ (ವಿಕಲಚೇತನರ ಗುರುತಿನ ಚೀಟಿ) ಸಂಖ್ಯೆ, ಎಲ್ಲಕ್ಕೂ ಖಾನೆಗಳಿವೆ. ಮೊದಲಿನಂತೆ ಒಂದು ಮೊತ್ತ ಬರೆದು ಸುಮ್ಮನಾಗುವ ಕಾಲ ಹೋಯಿತು. 10-ಐಎ ಅನ್ನು ಪೋರ್ಟಲ್‌ನಲ್ಲಿ ಮೊದಲೇ ಸಲ್ಲಿಸಿ, ಆಮೇಲೆ ರಿಟರ್ನ್‌ಗೆ ಕೈಹಾಕಿ.

ಡಿಸ್ಲೆಕ್ಸಿಯಾದ ಮನೆಯವರಿಗೆ ಒಂದು ಕಹಿ ಮಾತು

'ಕಲಿಕಾ ನ್ಯೂನತೆ' ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವುದು ಕಾನೂನಿನಲ್ಲಿ ಒಂದೇ ಅಲ್ಲ. ಡಿಸ್ಲೆಕ್ಸಿಯಾ, ಡಿಸ್‌ಕ್ಯಾಲ್ಕುಲಿಯಾದಂಥ ನಿರ್ದಿಷ್ಟ ಕಲಿಕಾ ನ್ಯೂನತೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳ ಪಟ್ಟಿಯಲ್ಲಿದೆ. ನಿಮ್ಹಾನ್ಸ್ ರೂಪಿಸಿದ ಪರೀಕ್ಷೆಗಳ ಆಧಾರದ ಮೇಲೆ ಎಂಟು ವರ್ಷದ ನಂತರ ಸರ್ಟಿಫಿಕೇಟ್ ಕೊಡುತ್ತಾರೆ; 2018ರ ಮಾರ್ಗಸೂಚಿಯಂತೆ 14ಕ್ಕೆ ಮತ್ತು 18ಕ್ಕೆ ಮರುಪರೀಕ್ಷೆ, 18ರಲ್ಲಿ ಕೊಟ್ಟದ್ದು ಜೀವಾವಧಿ. ಆದರೆ 1961ರ ತೆರಿಗೆ ಕಾಯ್ದೆಯ 80ಡಿಡಿ, 80ಯು ಸೆಕ್ಷನ್‌ಗಳು ಕೈತೋರಿಸುವುದು 1995ರ ಹಳೆಯ ಕಾಯ್ದೆಯ ಏಳು ಬಗೆಗಳಿಗೆ ಮತ್ತು 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಗೆ (ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಮತ್ತು ಬಹುವಿಧ ನ್ಯೂನತೆ ಇರುವವರಿಗಾಗಿ ಮಾಡಿದ್ದು). ಎರಡರಲ್ಲೂ ಡಿಸ್ಲೆಕ್ಸಿಯಾ ಇಲ್ಲ.

ರದ್ದಾದ ಕಾಯ್ದೆಯ ಉಲ್ಲೇಖವನ್ನು ಅದರ ಜಾಗಕ್ಕೆ ಬಂದ ಕಾಯ್ದೆಯ ಉಲ್ಲೇಖ ಎಂದೇ ಓದಬೇಕು, ಹಾಗಾಗಿ 2016ರ ಪಟ್ಟಿಯೇ ಅನ್ವಯ ಎಂಬ ವಾದವೂ ಇದೆ. ವಾದ ಗಟ್ಟಿಯಾಗಿಯೇ ಇದೆ. ಆದರೆ ನೋಟಿಸ್ ಬಂದರೆ ಅದನ್ನು ಅಧಿಕಾರಿಯ ಮುಂದೆ ಮಂಡಿಸಬೇಕಾದವರು ನೀವು. ₹75,000ದ ವಿನಾಯಿತಿಗಾಗಿ ಆ ಓಡಾಟ ಬೇಕೇ ಎಂದು ಯೋಚಿಸಿ. ನನ್ನನ್ನು ಕೇಳಿದರೆ, ಬರೀ ಡಿಸ್ಲೆಕ್ಸಿಯಾ ಇರುವ ಮನೆಯವರು 80ಡಿಡಿಯನ್ನು ನಂಬಿಕೊಂಡು ಹಳೆಯ ಪದ್ಧತಿಗೆ ಹೋಗಬಾರದು. ಶಾಲೆಯ ಬೋಧನಾ ಶುಲ್ಕ 80ಸಿಯಲ್ಲಿ (ಉಳಿತಾಯ, ಶುಲ್ಕದಂಥ ಪಾವತಿಗಳಿಗಿರುವ ವಿನಾಯಿತಿ) ಇಬ್ಬರು ಮಕ್ಕಳವರೆಗೆ ಸಿಗುತ್ತದೆ, ಅದೂ ಹಳೆಯ ಪದ್ಧತಿಯಲ್ಲಿ ಮಾತ್ರ. ಮಗುವಿನ ಹೆಸರಿನ ಠೇವಣಿಯ ಬಗ್ಗೆ ಮುಂದೆ ಹೇಳುವ ದಾರಿಯೂ 80ಯು ವ್ಯಾಖ್ಯೆಯನ್ನೇ ಹಿಡಿದಿರುವುದರಿಂದ ಇದೇ ಅನುಮಾನ ಅಲ್ಲಿಗೂ ಬರುತ್ತದೆ.

ಮೊದಲ ಆಯ್ಕೆ: ಹಳೆಯ ಪದ್ಧತಿಯಲ್ಲಿ 80ಡಿಡಿ

80ಡಿಡಿ ಅವಲಂಬಿತರನ್ನು ನೋಡಿಕೊಳ್ಳುವವರಿಗೆ. ಗಂಡ ಅಥವಾ ಹೆಂಡತಿ, ಮಕ್ಕಳು, ಅಪ್ಪ-ಅಮ್ಮ, ಅಣ್ಣ-ತಮ್ಮ, ಅಕ್ಕ-ತಂಗಿ ಇವರಿಷ್ಟೇ ಅವಲಂಬಿತರ ಪಟ್ಟಿಯಲ್ಲಿ ಬರುತ್ತಾರೆ. ಅಜ್ಜ ಮೊಮ್ಮಗನಿಗಾಗಿ, ಸೋದರಮಾವ ಸೋದರಸೊಸೆಗಾಗಿ ಖರ್ಚು ಮಾಡಿದರೂ ತಮ್ಮ ಹೆಸರಿನಲ್ಲಿ ಪಡೆಯುವಂತಿಲ್ಲ. ಅವಿಭಕ್ತ ಕುಟುಂಬಕ್ಕೆ (ಎಚ್‌ಯುಎಫ್) ಸ್ವಂತ ಪ್ಯಾನ್ ಮತ್ತು ಆದಾಯ ಇದ್ದರೆ ಅದು ತನ್ನ ಯಾವುದೇ ಸದಸ್ಯರಿಗಾಗಿ ಪಡೆಯಬಹುದು. ತೋಟ, ಬಾಡಿಗೆ ಕಟ್ಟಡ ಎಲ್ಲ ಕುಟುಂಬದ ಹೆಸರಿನಲ್ಲಿರುವ ಮನೆಗಳಲ್ಲಿ ಈ ದಾರಿಯನ್ನು ಮರೆಯುತ್ತಾರೆ. ವಿನಾಯಿತಿ ಪಡೆಯುವವರು ಭಾರತದ ನಿವಾಸಿಯಾಗಿರಬೇಕು. ಮೈಸೂರಿನಲ್ಲಿರುವ ತಂಗಿಗಾಗಿ ಅಮೆರಿಕದಿಂದ ದುಡ್ಡು ಕಳಿಸುವ ಅಣ್ಣನಿಗೆ ಇಲ್ಲಿ ಬಾಡಿಗೆ ಆದಾಯವಿದ್ದರೂ ಅದು ಸಿಗುವುದಿಲ್ಲ.

ಖರ್ಚು ಎಷ್ಟೇ ಆಗಿರಲಿ ಸಿಗುವುದು ಪೂರ್ತಿ ನಿಗದಿತ ಮೊತ್ತವೇ. ಆದರೆ ಚಿಕಿತ್ಸೆ, ಶುಶ್ರೂಷೆ, ತರಬೇತಿ ಅಥವಾ ಪುನರ್ವಸತಿಗೆ ನೀವು ನಿಜವಾಗಿ ಖರ್ಚು ಮಾಡಿರಬೇಕು. ಥೆರಪಿ ಕೇಂದ್ರದ ರಸೀದಿ, ವಿಶೇಷ ಶಾಲೆಯ ಶುಲ್ಕದ ಚೀಟಿ, ಯುಪಿಐ ದಾಖಲೆ ಒಂದು ಕವರಿನಲ್ಲಿರಲಿ. ಗಂಡ-ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಯಾರು ಹಳೆಯ ಪದ್ಧತಿಯಲ್ಲಿದ್ದಾರೋ ಅವರ ಖಾತೆಯಿಂದಲೇ ಪಾವತಿಯಾಗಲಿ, ಅವರೊಬ್ಬರೇ ಪಡೆಯಲಿ. ಒಂದೇ ಮಗುವಿಗೆ ಇಬ್ಬರೂ ಹಾಕಿ ನೋಡೋಣ ಎಂಬ ಆಸೆ ಬೇಡ. ಶೆಡ್ಯೂಲಿನಲ್ಲಿ ಮಗುವಿನ ಆಧಾರ್ ಸಂಖ್ಯೆ ಎರಡು ಕಡೆ ಎದ್ದು ಕಾಣುತ್ತದೆ.

ಏಜೆಂಟರು ಹೇಳದ ಒಂದು ವಿಷಯ ಇಲ್ಲಿದೆ. ಮಗುವಿನ ಭವಿಷ್ಯಕ್ಕಾಗಿ ಎಲ್‌ಐಸಿಯಂಥ ಸಂಸ್ಥೆಯ ಮಾನ್ಯತೆ ಪಡೆದ ಯೋಜನೆಗೆ ಕಟ್ಟಿದ ಹಣಕ್ಕೂ 80ಡಿಡಿ ಅನ್ವಯ. ಆದರೆ ಥೆರಪಿ ಖರ್ಚು ಮತ್ತು ಪಾಲಿಸಿ ಎರಡಕ್ಕೂ ಸೇರಿ ಅದೇ ₹75,000 ಅಥವಾ ₹1,25,000. ಥೆರಪಿಗೆ ಈಗಾಗಲೇ ಖರ್ಚು ಮಾಡುತ್ತಿದ್ದರೆ ಪಾಲಿಸಿಯಿಂದ ತೆರಿಗೆಯಲ್ಲಿ ಒಂದು ಪೈಸೆಯೂ ಹೆಚ್ಚು ಉಳಿಯದು. ಪಾಲಿಸಿ ಬೇಕೆನಿಸಿದರೆ ಅದರ ಲಾಭ-ನಷ್ಟ ನೋಡಿ ತೆಗೆದುಕೊಳ್ಳಿ, ತೆರಿಗೆಯ ಹೆಸರಿನಲ್ಲಲ್ಲ.

ಆ ಪಾಲಿಸಿಗಳದ್ದೇ ಒಂದು ಕತೆಯಿದೆ. ಮೊದಲು ಅಪ್ಪ-ಅಮ್ಮ ತೀರಿಕೊಂಡ ಮೇಲೆ ಮಾತ್ರ ಮಗುವಿಗೆ ಹಣ ಬರುವ ಷರತ್ತಿತ್ತು. ಎಲ್‌ಐಸಿಯ ಜೀವನ್ ಆಧಾರ್ ಪಾಲಿಸಿಯ ಈ ನಿಯಮವನ್ನು ಪ್ರಶ್ನಿಸಿದ ಅರ್ಜಿ ಸುಪ್ರೀಂ ಕೋರ್ಟಿಗೆ ಹೋಯಿತು. 2019ರ ಜನವರಿಯಲ್ಲಿ ಕೋರ್ಟ್ ನಿಯಮವನ್ನು ತಾನೇ ಬದಲಿಸಲಿಲ್ಲ, ಆದರೆ ಸರ್ಕಾರ ಇದನ್ನು ಪರಿಶೀಲಿಸಬೇಕು ಎಂದಿತು. 2022ರ ಹಣಕಾಸು ಕಾಯ್ದೆಯಲ್ಲಿ ತಿದ್ದುಪಡಿ ಬಂತು: ಈಗ ಹಣ ಕಟ್ಟಿದವರಿಗೆ 60 ತುಂಬಿ, ಕಟ್ಟುವುದನ್ನು ನಿಲ್ಲಿಸಿದ ಮೇಲೆ ಅವರು ಬದುಕಿರುವಾಗಲೇ ಮಗುವಿಗೆ ಹಣ ಬರತೊಡಗಬಹುದು. ಮಗುವೇ ಮೊದಲು ತೀರಿಕೊಂಡರೆ ಮಾತ್ರ ವಾಪಸು ಬರುವ ಹಣ ಕಟ್ಟಿದವರ ಆ ವರ್ಷದ ಆದಾಯವಾಗಿ ತೆರಿಗೆಗೆ ಒಳಪಡುತ್ತದೆ.

ಎರಡನೆಯ ಆಯ್ಕೆ: ಹೊಸ ಪದ್ಧತಿಯಲ್ಲೇ ಉಳಿಯುವುದು

2023-24ರಿಂದ ಹೊಸ ಪದ್ಧತಿಯೇ ತಾನಾಗಿ ಅನ್ವಯವಾಗುವುದು. ಅದರಲ್ಲಿ 80ಡಿಡಿ ಇಲ್ಲ, 80ಯು ಇಲ್ಲ, 80ಸಿ ಇಲ್ಲ, 80ಡಿ (ಆರೋಗ್ಯ ವಿಮೆಯ ವಿನಾಯಿತಿ) ಇಲ್ಲ. ಕೇಳಿದರೆ ಬೇಜಾರಾಗುತ್ತದೆ, ಆದರೆ ಅಂಕಿ ನೋಡಿ. 2025-26ಕ್ಕೆ ₹4 ಲಕ್ಷದವರೆಗೆ ತೆರಿಗೆಯಿಲ್ಲ. ಅಲ್ಲಿಂದ ಪ್ರತಿ ₹4 ಲಕ್ಷಕ್ಕೆ 5, 10, 15, 20, 25% ಎಂದು ಏರಿ ₹24 ಲಕ್ಷದ ಮೇಲೆ 30%. ₹12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್‌ನಿಂದ ತೆರಿಗೆ ಸೊನ್ನೆ. ಸಂಬಳದಾರರಿಗೆ ₹75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ ₹12.75 ಲಕ್ಷದವರೆಗೆ ಸೊನ್ನೆ.

ಹಾಗಾಗಿ ಬೇರೆ ಆದಾಯವಿಲ್ಲದ, ಸಂಬಳ ₹12.75 ಲಕ್ಷದೊಳಗಿರುವ ಅಪ್ಪ-ಅಮ್ಮಂದಿರಿಗೆ ನನ್ನ ಉತ್ತರ ನೇರ: 80ಡಿಡಿಗಾಗಿ ಹಳೆಯ ಪದ್ಧತಿಗೆ ಹೋಗಬೇಡಿ. ಸೊನ್ನೆಗಿಂತ ಕೆಳಗೆ ತೆರಿಗೆ ಇಳಿಯುವುದಿಲ್ಲ. ಶಿಕ್ಷಕರು, ಗುಮಾಸ್ತರು, ಬ್ಯಾಂಕಿನ ಕಿರಿಯ ಅಧಿಕಾರಿಗಳು, ಜೊತೆಗೆ ಆದಾಯ ₹12 ಲಕ್ಷದೊಳಗಿರುವ ಸಣ್ಣ ವ್ಯಾಪಾರಿಗಳು ಈ ಗುಂಪಿಗೆ ಸೇರುತ್ತಾರೆ. ಆದರೂ ಸರ್ಟಿಫಿಕೇಟನ್ನು ಕಪಾಟಿಗೆ ಹಾಕಿಬಿಡಬೇಡಿ, ಮುಂದಿನ ಆಯ್ಕೆಗೆ ಅದು ಬೇಕು.

ಲೆಕ್ಕ ಗಂಭೀರವಾಗುವುದು ಅದರ ಮೇಲಿನ ಸಂಬಳಕ್ಕೆ. ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿರುವ, ₹15 ಲಕ್ಷ ಸಂಬಳದ ಒಬ್ಬ ತಾಯಿಯನ್ನು ಊಹಿಸಿಕೊಳ್ಳಿ. 80ಸಿಯಲ್ಲಿ ₹1.5 ಲಕ್ಷ, ಆರೋಗ್ಯ ವಿಮೆ ₹25,000, ಎನ್‌ಪಿಎಸ್ ₹50,000, ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ₹2.5 ಲಕ್ಷ, ಒಟ್ಟು ₹4.75 ಲಕ್ಷ. ಹೊಸ ಪದ್ಧತಿಯಲ್ಲಿ ಅವರ ತೆರಿಗೆ ಸೆಸ್ ಸೇರಿ ₹97,500. ಹಳೆಯದರಲ್ಲಿ 80ಡಿಡಿ ಇಲ್ಲದಿದ್ದರೆ ₹1,11,800. ಅದೇ ಹಳೆಯದರಲ್ಲಿ ₹75,000ದ 80ಡಿಡಿ ಸೇರಿಸಿದರೆ ₹96,200, ಅಂದರೆ ಹೊಸದಕ್ಕಿಂತ ₹1,300 ಮಾತ್ರ ಕಡಿಮೆ. ₹1.25 ಲಕ್ಷದ 80ಡಿಡಿ ಆದರೆ ₹85,800, ಉಳಿತಾಯ ₹11,700. ಸರ್ಟಿಫಿಕೇಟಿನ ಒಂದು ಅಂಕಿಯೇ ಇಲ್ಲಿ ಪದ್ಧತಿಯನ್ನು ತೀರ್ಮಾನಿಸುತ್ತಿದೆ. ₹1,300ಕ್ಕಾಗಿ ಫಾರಂ, ರಸೀದಿ, ಬಾಡಿಗೆ ಕರಾರು ಎಲ್ಲ ಜೋಡಿಸುವುದು ನನಗಂತೂ ಬೇಡವೆನಿಸುತ್ತದೆ. ₹11,700 ಆದರೆ ಬೇರೆ ಮಾತು.

ಸಮನಾಗುವ ಗೆರೆ ಎಲ್ಲಿದೆ ಎಂದು ಗೊತ್ತಿದ್ದರೆ ನಿಮ್ಮ ಲೆಕ್ಕ ನೀವೇ ಹಾಕಿಕೊಳ್ಳಬಹುದು. ಸ್ಟ್ಯಾಂಡರ್ಡ್ ಡಿಡಕ್ಷನ್ ಬಿಟ್ಟು, 80ಡಿಡಿ ಸೇರಿ ಉಳಿದೆಲ್ಲ ವಿನಾಯಿತಿಗಳ ಮೊತ್ತ ₹15 ಲಕ್ಷ ಸಂಬಳಕ್ಕೆ ಸುಮಾರು ₹5.44 ಲಕ್ಷ ದಾಟಬೇಕು, ₹20 ಲಕ್ಷಕ್ಕೆ ಸುಮಾರು ₹7.08 ಲಕ್ಷ, ₹24.75 ಲಕ್ಷ ಮತ್ತು ಅದಕ್ಕಿಂತ ಮೇಲಿನ ಸಂಬಳಕ್ಕೆ ₹8 ಲಕ್ಷ. ದಾಟಿದರೆ ಹಳೆಯದು, ಇಲ್ಲದಿದ್ದರೆ ಹೊಸದು. ಗೃಹಸಾಲದ ಬಡ್ಡಿ ಅಥವಾ ದೊಡ್ಡ ಎಚ್‌ಆರ್‌ಎ, ಜೊತೆಗೆ ಹಿರಿಯ ಅಪ್ಪ-ಅಮ್ಮನ ವಿಮೆ ಇಲ್ಲದ ಮನೆ ₹7 ಲಕ್ಷ ಮುಟ್ಟುವುದು ಕಷ್ಟ.

ಆಯ್ಕೆ ಮನೆಗೆಲ್ಲ ಒಂದೇ ಆಗಬೇಕಿಲ್ಲ. ಗಂಡನ ಸಂಬಳ ₹10 ಲಕ್ಷ, ಹೆಂಡತಿಯದು ₹15 ಲಕ್ಷ ಎಂದಾದರೆ ಗಂಡ ಹೊಸದರಲ್ಲಿ ಸೊನ್ನೆ ಕಟ್ಟಿಕೊಂಡಿರಲಿ, ಹೆಂಡತಿ ಹಳೆಯದಕ್ಕೆ ಬಂದು 80ಡಿಡಿ ಪಡೆಯಲಿ. ಸಂಬಳದಾರರು ಪ್ರತಿ ವರ್ಷ ಪದ್ಧತಿ ಬದಲಿಸಬಹುದು. ಆಫೀಸಿನಲ್ಲಿ ಹೊಸದಕ್ಕೆ ಟಿಡಿಎಸ್ (ಮೊದಲೇ ಕಡಿತವಾಗುವ ತೆರಿಗೆ) ಹಿಡಿದಿದ್ದರೂ ರಿಟರ್ನ್‌ನಲ್ಲಿ ಹಳೆಯದನ್ನು ಆರಿಸಿ ರೀಫಂಡ್ ಕೇಳಬಹುದು. ಆದರೆ ಗಡುವಿನೊಳಗೆ ಸಲ್ಲಿಸಬೇಕು, ತಡವಾದರೆ ಹೊಸದೇ ಗತಿ. ವ್ಯಾಪಾರ, ವೃತ್ತಿಯ ಆದಾಯ ಇರುವವರಿಗೆ ಹೀಗೆ ವರ್ಷಕ್ಕೊಮ್ಮೆ ಅತ್ತಿತ್ತ ಓಡಾಡುವ ಸ್ವಾತಂತ್ರ್ಯವಿಲ್ಲ. ಫಾರಂ 10-ಐಇಎ ಕೊಟ್ಟು ಹಳೆಯದಕ್ಕೆ ಹೋದರೆ ಹೊಸದಕ್ಕೆ ವಾಪಸಾಗಲು ಒಂದೇ ಅವಕಾಶ. ಅಂಗಡಿ ಇಟ್ಟವರು ಒಂದು ವರ್ಷದ ₹10,000 ನೋಡಿ ಆತುರ ಪಡಬಾರದು.

ಮೂರನೆಯ ಆಯ್ಕೆ: ಮಗುವಿನ ಹೆಸರಿನಲ್ಲಿ ಹಣ

ಇದರ ಬಗ್ಗೆ ಕೇಳುವವರು ಕಡಿಮೆ, ಆದರೆ ನನ್ನ ಪ್ರಕಾರ ಈಗ ಇದೇ ದೊಡ್ಡದು. ಸಾಮಾನ್ಯವಾಗಿ 18 ತುಂಬದ ಮಗುವಿನ ಬಡ್ಡಿ, ಬಾಡಿಗೆಯನ್ನು ಅಪ್ಪ-ಅಮ್ಮನಲ್ಲಿ ಯಾರ ಆದಾಯ ಹೆಚ್ಚೋ ಅವರಿಗೆ ಸೇರಿಸುತ್ತಾರೆ. ಇದು 64(1ಎ) ಸೆಕ್ಷನ್. ಆದರೆ ಅದರಲ್ಲೇ, 80ಯುನಲ್ಲಿ ಹೇಳಿದ ಬಗೆಯ ನ್ಯೂನತೆ ಇರುವ ಮಗುವಿಗೆ ಇದು ಅನ್ವಯಿಸದು ಎಂದು ಸ್ಪಷ್ಟವಾಗಿದೆ. ಅಂದರೆ ಆಟಿಸಂ ಅಥವಾ ಬೌದ್ಧಿಕ ನ್ಯೂನತೆ ಇರುವ ಆರು ವರ್ಷದ ಮಗಳು ತೆರಿಗೆಯ ಕಣ್ಣಿನಲ್ಲಿ ಪ್ರತ್ಯೇಕ ವ್ಯಕ್ತಿ. ಅವಳಿಗೆ ಅವಳದೇ ₹4 ಲಕ್ಷದ ಮಿತಿ. ಅಪ್ಪ-ಅಮ್ಮ, ಅಜ್ಜ-ಅಜ್ಜಿ ಕೊಟ್ಟ ಉಡುಗೊರೆಗೆ ತೆರಿಗೆಯಿಲ್ಲ. ಅಪ್ಪ-ಅಮ್ಮ ಯಾವ ಪದ್ಧತಿಯಲ್ಲಿದ್ದರೂ ಇದು ನಡೆಯುತ್ತದೆ.

ಎಷ್ಟು ಉಳಿಯುತ್ತದೆ? ₹20 ಲಕ್ಷದ ಎಫ್‌ಡಿಗೆ 7% ಎಂದುಕೊಂಡರೆ ವರ್ಷಕ್ಕೆ ₹1.4 ಲಕ್ಷ ಬಡ್ಡಿ. 30% ಹಂತದ ಅಪ್ಪನ ಹೆಸರಿನಲ್ಲಿದ್ದರೆ ತೆರಿಗೆ ₹43,680. ಮಗಳ ಹೆಸರಿನಲ್ಲಿದ್ದರೆ, ಅವಳಿಗೆ ಬೇರೆ ಆದಾಯವಿಲ್ಲದಿದ್ದರೆ, ಸೊನ್ನೆ. ಹಳೆಯ ಪದ್ಧತಿಯಲ್ಲಿ ಪೂರ್ತಿ ₹1.25 ಲಕ್ಷದ 80ಡಿಡಿಯಿಂದ ಅದೇ ಅಪ್ಪನಿಗೆ ಉಳಿಯುವುದು ₹39,000. ಹೆಚ್ಚು ಆದಾಯದ, ಹೊಸ ಪದ್ಧತಿಯಲ್ಲಿರುವ ಮನೆಗೆ 80ಡಿಡಿ ಕೈತಪ್ಪಿದ್ದನ್ನು ಇದು ತುಂಬಿಕೊಡುತ್ತದೆ.

ಕಷ್ಟಗಳೂ ಇವೆ. ಕೊಟ್ಟ ಹಣ ನಿಜವಾಗಿ ಕೊಟ್ಟದ್ದಾಗಿರಬೇಕು. ಬಡ್ಡಿ ಮಗಳ ಖಾತೆಗೇ ಹೋಗಬೇಕು, ನಿಮ್ಮ ಗೃಹಸಾಲದ ಕಂತಿಗಲ್ಲ. ಸಣ್ಣದೊಂದು ಉಡುಗೊರೆ ಪತ್ರ ಮಾಡಿಸಿ. ಮಗಳಿಗೆ ಪ್ಯಾನ್ ಬೇಕು. ಒಂದು ಬ್ಯಾಂಕಿನಲ್ಲಿ ಬಡ್ಡಿ ವರ್ಷಕ್ಕೆ ₹50,000 ದಾಟಿದರೆ ಟಿಡಿಎಸ್ ಹಿಡಿಯುತ್ತಾರೆ; ತೆರಿಗೆ ಬೀಳುವಷ್ಟು ಆದಾಯವಿಲ್ಲ ಎಂಬ, ಈವರೆಗೆ 15ಜಿ ಎನ್ನುತ್ತಿದ್ದ ಘೋಷಣೆ ಕೊಟ್ಟರೆ ಹಿಡಿಯುವುದಿಲ್ಲ. ಹಿಡಿದರೆ ಪೋರ್ಟಲ್‌ನಲ್ಲಿ ನೀವು ಮಗಳ ಪ್ರತಿನಿಧಿಯಾಗಿ ನೋಂದಾಯಿಸಿಕೊಂಡು ಅವಳ ರಿಟರ್ನ್ ಹಾಕಬೇಕು. ಮಗಳ ಹೆಸರಿಗೆ ದೊಡ್ಡ ಮೊತ್ತ ಹೋದಂತೆ 'ಬಹುತೇಕ ಅವಲಂಬಿತೆ' ಎಂಬ 80ಡಿಡಿ ಷರತ್ತು ಸಡಿಲವಾಗುತ್ತದೆ. ಆದಾಯ ಮಿತಿ ಇಟ್ಟುಕೊಂಡಿರುವ ಸರ್ಕಾರಿ ಮಾಸಾಶನಕ್ಕೂ ಅಡ್ಡಿಯಾಗಬಹುದು. ಕಡಿಮೆ ಆದಾಯದ ಮನೆಯವರಿಗೆ ಈ ದಾರಿ ಬೇಕಿಲ್ಲ, ಅವರ ತೆರಿಗೆ ಹೇಗೂ ಸೊನ್ನೆ.

ನಿಜವಾದ ಗಂಟು 18ನೇ ಹುಟ್ಟುಹಬ್ಬದ ದಿನ ಬೀಳುತ್ತದೆ. ಅಂದಿನಿಂದ ಅಪ್ಪ-ಅಮ್ಮ ಸಹಜ ಪೋಷಕರಲ್ಲ, ಮಗಳು ಸಹಿ ಹಾಕಬೇಕು, ಅವಳಿಗೆ ಅದು ಆಗುವುದಿಲ್ಲ. ಆಗ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿಯಿಂದ ಕಾನೂನುಬದ್ಧ ಪೋಷಕತ್ವದ ಪ್ರಮಾಣಪತ್ರ ಪಡೆಯಬೇಕು. ಇದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ನ್ಯೂನತೆ, ಬಹುವಿಧ ನ್ಯೂನತೆಗೆ ಮಾತ್ರ. ಬ್ಯಾಂಕುಗಳು ಈ ಪತ್ರವನ್ನು ಒಪ್ಪಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿದೆ. ಆದರೂ ಶಾಖೆಯಲ್ಲಿ "ಇದೇನು, ಕೋರ್ಟ್ ಆರ್ಡರ್ ತನ್ನಿ" ಎನ್ನುವವರು ಸಿಗುತ್ತಾರೆ. ಸುತ್ತೋಲೆಯ ಪ್ರತಿ ಜೊತೆಗಿರಲಿ. ಎಫ್‌ಡಿಯ ಅವಧಿ ಹುಟ್ಟುಹಬ್ಬದ ಆಚೆಗೆ ಹೋಗದಂತೆ ನೋಡಿಕೊಳ್ಳುವುದು ಸುಲಭದ ಜಾಣತನ. ಹೆಣ್ಣುಮಕ್ಕಳ ಸುಕನ್ಯಾ ಸಮೃದ್ಧಿಯಲ್ಲೂ ಇದೇ ತೊಡಕು: ಬಡ್ಡಿಗೆ ತೆರಿಗೆಯಿಲ್ಲ, ಆದರೆ 18ರಿಂದ ಖಾತೆ ನಡೆಸಬೇಕಾದವಳು ಮಗಳೇ.

80ಯು ಮತ್ತು ಟ್ರಸ್ಟ್, ಕೆಲವರಿಗೆ ಮಾತ್ರ

80ಯು ನ್ಯೂನತೆ ಇರುವವರೇ ತಮ್ಮ ಆದಾಯದಲ್ಲಿ ಪಡೆಯುವುದು. ದುಡಿಯುವ ಆಟಿಸಂ ಯುವಕನಿಗೆ, ಅಪ್ಪನ ಸರ್ಕಾರಿ ನೌಕರಿಯಿಂದ ಕುಟುಂಬ ಪಿಂಚಣಿ ಪಡೆಯುವ ಮಗಳಿಗೆ ಅದು. ಅವರು 80ಯು ಪಡೆದ ವರ್ಷ ಮನೆಯವರು 80ಡಿಡಿ ಪಡೆಯುವಂತಿಲ್ಲ. ಆದರೆ ಇದೂ ಹಳೆಯ ಪದ್ಧತಿಯಲ್ಲಿ ಮಾತ್ರ. ₹12 ಲಕ್ಷದವರೆಗೆ ಹೊಸದರಲ್ಲಿ ಸೊನ್ನೆ ಇರುವಾಗ, ಬರೀ 80ಯುಗಾಗಿ ಹಳೆಯದನ್ನು ಹಿಡಿಯುವ ಕಾರಣ ಅಪರೂಪ. ಕುಟುಂಬ ಪಿಂಚಣಿಗೆ ಹೊಸದರಲ್ಲೇ ₹25,000ದವರೆಗಿನ ಕಡಿತವೂ ಉಂಟು, ಹಳೆಯದರಲ್ಲಿ ಅದು ₹15,000.

ಖಾಸಗಿ ಟ್ರಸ್ಟ್ (ಮಗುವಿನ ಪರವಾಗಿ ಟ್ರಸ್ಟಿಗಳು ಆಸ್ತಿ ನೋಡಿಕೊಳ್ಳುವ ವ್ಯವಸ್ಥೆ) ಮಾಡುವುದು ಆಸ್ತಿ ಹೆಚ್ಚಿರುವ, ತಮ್ಮ ನಂತರ ನೋಡಿಕೊಳ್ಳುವವರ ಬಗ್ಗೆ ಭರವಸೆ ಕಡಿಮೆ ಇರುವ ಮನೆಗಳಿಗೆ. ಫಲಾನುಭವಿ ಮಗ ಒಬ್ಬನೇ, ಅವನ ಪಾಲು ಇಷ್ಟೇ ಎಂದು ಪತ್ರದಲ್ಲಿ ಖಚಿತವಾಗಿದ್ದರೆ ಅವನಿಗೆ ಬೀಳುವ ದರದಲ್ಲೇ ಟ್ರಸ್ಟಿಯ ಕೈಯಲ್ಲಿ ತೆರಿಗೆ. ಯಾರಿಗೆ ಎಷ್ಟು ಎಂದು ಟ್ರಸ್ಟಿ ನಿರ್ಧರಿಸಬಹುದು ಎಂದು ಬರೆಸಿದರೆ ಸಾಮಾನ್ಯವಾಗಿ ಗರಿಷ್ಠ ದರ. ಅವಲಂಬಿತರಿಗಾಗಿಯೇ ವಿಲ್‌ನಲ್ಲಿ ಮಾಡಿದ ಒಂದೇ ಟ್ರಸ್ಟ್ ಇದ್ದರೆ ಅದಕ್ಕೆ ರಿಯಾಯಿತಿ ಇದೆ. ವಕೀಲರ ಶುಲ್ಕ, ಸ್ಟ್ಯಾಂಪ್, ಪ್ರತಿ ವರ್ಷದ ರಿಟರ್ನ್, ಇದೆಲ್ಲ ₹20-30 ಲಕ್ಷದ ಉಳಿತಾಯಕ್ಕೆ ಭಾರವೇ. 18ರ ಸಹಿಯ ತೊಡಕು ಮಾತ್ರ ಇಲ್ಲಿಲ್ಲ, ಹಣಕ್ಕೆ ಸಹಿ ಹಾಕುವವರು ಟ್ರಸ್ಟಿಗಳೇ.

ಇದಲ್ಲದೆ ಕೆಲವು ಸಣ್ಣ ವಿಷಯ. ಸೆಕ್ಷನ್ 80ಡಿಡಿಬಿ ಬೇರೆ: ಅದು ಪಾರ್ಕಿನ್ಸನ್, ಡಿಮೆನ್ಷಿಯಾದಂಥ ನಿಗದಿತ ಕಾಯಿಲೆಗಳದ್ದು, ಬೌದ್ಧಿಕ ನ್ಯೂನತೆ, ಆಟಿಸಂ ಅದರಲ್ಲಿಲ್ಲ. ಹೆಸರಿನ ಹೋಲಿಕೆಯಿಂದ ಅಲ್ಲಿ ತುಂಬಿಬಿಟ್ಟ ರಿಟರ್ನ್‌ಗಳಿವೆ. ವಿಕಲಚೇತನ ನೌಕರರ ತಿಂಗಳಿಗೆ ₹3,200 ಸಾರಿಗೆ ಭತ್ಯೆಯ ವಿನಾಯಿತಿ ಅಂಧರು, ಶ್ರವಣ ಮತ್ತು ವಾಕ್ ದೋಷದವರು, ಕೈಕಾಲಿನ ನ್ಯೂನತೆ ಇರುವವರಿಗೆ. ಮುಂಬೈ, ಪುಣೆಯಲ್ಲಿರುವ ಕನ್ನಡಿಗರಿಗೆ ಒಂದು ಲಾಭ ಉಂಟು: ಬೌದ್ಧಿಕ ನ್ಯೂನತೆಯ ಮಕ್ಕಳ ಅಪ್ಪ-ಅಮ್ಮ ಅಥವಾ ಪೋಷಕರಿಗೆ ಮಹಾರಾಷ್ಟ್ರದಲ್ಲಿ ವೃತ್ತಿ ತೆರಿಗೆಯಿಲ್ಲ. ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ (₹1 ಲಕ್ಷದವರೆಗೆ) ತೆರಿಗೆಗೆ ಸಂಬಂಧಿಸಿದ್ದಲ್ಲ, ಆದರೂ ಸರ್ಟಿಫಿಕೇಟ್ ಮಾಡಿಸಿದ ಕೈಯಲ್ಲೇ ಅರ್ಜಿ ಹಾಕಿ.

ಕೊನೆಗೆ, ಸರ್ಟಿಫಿಕೇಟಿನ ಅವಧಿ. ಚಿಕ್ಕ ಮಕ್ಕಳಿಗೆ ಹೆಚ್ಚಾಗಿ ತಾತ್ಕಾಲಿಕ ಎಂದೇ ಕೊಡುತ್ತಾರೆ. ಫೋಟೋದ ಪಕ್ಕದಲ್ಲಿ ಶೇಕಡಾ, ಅದರ ಕೆಳಗೆ ಮರುಪರೀಕ್ಷೆಯ ದಿನಾಂಕ. ಅದು ಮುಗಿದ ಹಣಕಾಸು ವರ್ಷಕ್ಕೆ ವಿನಾಯಿತಿ ಸಿಗುತ್ತದೆ, ಅದರ ಮುಂದಿನ ವರ್ಷಕ್ಕೆ ಹೊಸದು ಬೇಕು. 2025ರ ಆಗಸ್ಟ್‌ನಲ್ಲಿ ಮುಗಿದಿದ್ದರೆ 2025-26ರ ರಿಟರ್ನ್‌ಗೆ ತೊಂದರೆಯಿಲ್ಲ, 2026-27ಕ್ಕೆ ಹೊಸ ಸರ್ಟಿಫಿಕೇಟ್ ಇಲ್ಲದೆ ಆಗದು. ಜಿಲ್ಲಾಸ್ಪತ್ರೆಯ ಮಂಡಳಿಯಾಗಲಿ, ನಿಮ್ಹಾನ್ಸ್ ಆಗಲಿ, ಸರದಿ ಸಿಗಲು ಸಮಯ ಹಿಡಿಯುತ್ತದೆ. ಹೀಗಾಗಿ ಮಾರ್ಚ್‌ವರೆಗೆ ಕಾಯದೆ ಮಳೆಗಾಲದಲ್ಲೇ ಯುಡಿಐಡಿ ಪೋರ್ಟಲ್‌ನಲ್ಲಿ ನವೀಕರಣದ ಅರ್ಜಿ ಹಾಕಿಬಿಡಿ.